ಲಿಫ್ಟಿಗೆ ಎಣ್ಣೆ ಹಾಕುವುದು ಬೇರೆ, ತಪಾಸಣೆ ಬೇರೆ

ಪ್ರಶ್ನೆ: ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು 7 ಮಾಳಿಗೆಯ, 28 ಫ್ಲ್ಯಾಟಿನ ಸೊಸೈಟಿ. ಲಿಫ್ಟ್ ಒಂದೇ. ಎಎಂಸಿ, ಅಂದರೆ ವರ್ಷದ ನಿರ್ವಹಣಾ ಕರಾರು, ಇದೆ. ಮೆಕ್ಯಾನಿಕ್ ತಿಂಗಳಿಗೊಮ್ಮೆ ಬಂದು ಬುಕ್ಕಿನಲ್ಲಿ ಸಹಿ ಹಾಕಿ ಹೋಗುತ್ತಾನೆ. "ಅಷ್ಟು ಸಾಕಲ್ವಾ? ಸರ್ಕಾರಿ ಇನ್‌ಸ್ಪೆಕ್ಟರ್‌ಗೆ ಸುಮ್ನೆ ಯಾಕೆ ಫೀಸು?" ಎಂದು ಮೊನ್ನೆ ಮೀಟಿಂಗಿನಲ್ಲಿ ಗಲಾಟೆ. ಏನು ಹೇಳಲಿ?
— ಒಬ್ಬ ಸೆಕ್ರೆಟರಿ

ಉತ್ತರ: ಸಾಕಾಗುವುದಿಲ್ಲ, ಸೆಕ್ರೆಟರಿಯವರೇ. ಈ ಗಲಾಟೆ ನನಗೆ ಹೊಸದಲ್ಲ. ಕಾರ್ಕಳದಿಂದ ಬಂದು, ರಾತ್ರಿ ಶಾಲೆ ಮುಗಿಸಿ ಈ ಲಿಫ್ಟ್ ಕೆಲಸಕ್ಕೆ ಸೇರಿದವನು ನಾನು. 30 ವರ್ಷ ಗ್ರೀಸಿನ ಕೈಯಲ್ಲೇ ಊಟ ಮಾಡಿದ್ದೇನೆ. ತಿಂಗಳಿಗೊಮ್ಮೆ ಬರುವ ಹುಡುಗ ಲಿಫ್ಟ್ ಜಾರುವ ಕಂಬಿಗೆ ಎಣ್ಣೆ ಹಾಕುತ್ತಾನೆ, ಧೂಳು ಒರೆಸುತ್ತಾನೆ, ಬಾಗಿಲು ಸರಿ ಮಾಡುತ್ತಾನೆ. ಅದೂ ಬೇಕು. ಆದರೆ ವೇಗ ಮೀರಿದರೆ ಲಿಫ್ಟ್ ನಿಲ್ಲುವಂತೆ ಮಾಡುವ ಗವರ್ನರ್ ಕೆಲಸ ಮಾಡುತ್ತದೆಯೇ, ತುಂಬಿದ ಲಿಫ್ಟನ್ನು ಬ್ರೇಕ್ ಹಿಡಿಯುತ್ತದೆಯೇ ಎಂದು ಅವನು ಪ್ರತಿ ತಿಂಗಳೂ ನೋಡುವುದಿಲ್ಲ. ನೋಡಲು ಟೈಮೂ ಇರುವುದಿಲ್ಲ, ಪಾಪ.

ಬ್ರೇಕಿನ ಬಗ್ಗೆ ಒಂದು ಮಾತು. ಲಿಫ್ಟಿನ ಇನ್ನೊಂದು ಬದಿಗೆ ತೂಕದ ಕಲ್ಲು ನೇತಾಡುತ್ತಿರುತ್ತದೆ. ಅದರ ತೂಕ ನಾವು ನಿಲ್ಲುವ ಡಬ್ಬಿ ಖಾಲಿ ಇದ್ದಾಗಿನದಕ್ಕಿಂತ ಜಾಸ್ತಿ. ಹಾಗಾಗಿ ಖಾಲಿ ಲಿಫ್ಟಿನ ಬ್ರೇಕ್ ಸಡಿಲಾದರೆ ಡಬ್ಬಿ ಬೀಳುವುದಿಲ್ಲ, ಮೇಲಕ್ಕೆ ಓಡುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ.

ನಾನು ಜಾಸ್ತಿ ಹೆದರುವುದು ಮಾತ್ರ ಬಾಗಿಲಿಗೆ. ಘಾಟ್ಕೋಪರ್‌ನ ಒಂದು ಹಳೇ ಕಟ್ಟಡ. ಜಾಲರಿ ಬಾಗಿಲಿನ ಲಿಫ್ಟು. ಬಾಗಿಲು ಪೂರ್ತಿ ಮುಚ್ಚದಿದ್ದರೂ ಓಡುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ಬಾಗಿಲು ಮುಚ್ಚಿದಾಗ ಮಾತ್ರ ಒತ್ತಬೇಕಾದ ಸ್ವಿಚ್ಚು ಸದಾ ಒತ್ತಿಕೊಂಡೇ ಇರುವಂತೆ ಬೆಂಕಿಪೊಟ್ಟಣದ ರಟ್ಟು, ಎರಡು ಮಡಿಕೆ ಮಾಡಿ ತುರುಕಿದ್ದು. ಲಿಫ್ಟ್ ಪದೇ ಪದೇ ನಿಲ್ಲುತ್ತದೆ ಎಂದು ಯಾರೋ ಮಾಡಿದ ಉಪಾಯ. ಬುಕ್ಕಿನಲ್ಲಿ ಮಾತ್ರ ತಿಂಗಳು ತಿಂಗಳೂ "ಓಕೆ".

ನೀವೇ ಒಂದು ಪರೀಕ್ಷೆ ಮಾಡಬಹುದು. ಲಿಫ್ಟ್ ಬೇರೆ ಮಾಳಿಗೆಯಲ್ಲಿರುವಾಗ ನಿಮ್ಮ ಮಾಳಿಗೆಯ ಬಾಗಿಲನ್ನು ಎಳೆದು ನೋಡಿ. ದೂರ ನಿಂತು, ಮೈ ಬಗ್ಗಿಸದೆ. ತೆರೆದುಕೊಂಡರೆ ಅವತ್ತೇ ಲಿಫ್ಟ್ ಬಂದ್ ಮಾಡಿ, ಕಮಿಟಿಯನ್ನು ಆಮೇಲೆ ಕೇಳಿ. ಮಳೆಗಾಲದಲ್ಲಿ ಪಿಟ್ಟಿನಲ್ಲಿ, ಅಂದರೆ ಲಿಫ್ಟಿನ ತಳದ ಗುಂಡಿಯಲ್ಲಿ, ನೀರು ನಿಂತಿದೆಯೇ ಎಂದೂ ಮೆಕ್ಯಾನಿಕ್ ಹತ್ತಿರ ಕೇಳಿ. ಅಲ್ಲಿ ಹೊಡೆತ ತಡೆಯಲು ಇಟ್ಟ ಬಫರ್ ತುಕ್ಕು ಹಿಡಿಯುತ್ತದೆ, ಸ್ವಿಚ್ಚು ಕೆಡುತ್ತದೆ. ಆದರೆ ವಾಚ್‌ಮನ್‌ನನ್ನು ಬಕೆಟ್ ಕೊಟ್ಟು ಇಳಿಸಬೇಡಿ.

ಕಾನೂನಿನ ವಿಷಯ. ಬಾಂಬೆ ಲಿಫ್ಟ್ಸ್ ಕಾಯ್ದೆ 1939ರದ್ದು. ಅದರ ಬದಲು ಮಹಾರಾಷ್ಟ್ರ 2017ರಲ್ಲಿ ಹೊಸದನ್ನು ತಂದಿತು. ಎಸ್ಕಲೇಟರೂ ಅದರೊಳಗೇ. ಲಿಫ್ಟ್ ಕೂರಿಸಲು ಅನುಮತಿ, ಓಡಿಸಲು ಲೈಸೆನ್ಸ್, ಸರ್ಕಾರಿ ಇನ್‌ಸ್ಪೆಕ್ಟರ್ ತಪಾಸಣೆ, ಥರ್ಡ್ ಪಾರ್ಟಿ ಇನ್ಶೂರೆನ್ಸ್, ಎಲ್ಲವೂ ಬೇಕು. ಎಎಂಸಿ ಕಂಪನಿ ಇದ್ದರೂ ಲಿಫ್ಟಿನ ಮಾಲೀಕ ಸೊಸೈಟಿಯೇ. ಮೀಟಿಂಗಿನಲ್ಲಿ ಇದೊಂದು ಸಾಲು ಓದಿ, ಫೀಸಿನ ಮಾತು ತಣ್ಣಗಾಗುತ್ತದೆ. ಇನ್ಸ್‌ಪೆಕ್ಷನ್ ದಿನ ಮೆಕ್ಯಾನಿಕ್ ಜೊತೆ ನೀವೂ ಮಷೀನ್ ರೂಮಿಗೆ ಹತ್ತಿ. ಇನ್‌ಸ್ಪೆಕ್ಟರ್ ಏನು ಬರೆದರು ಎಂದು ಅಲ್ಲೇ ಓದಿ.

ಪ್ರಶ್ನೆ: ಕರೆಂಟು ಹೋಗಿ ನಮ್ಮತ್ತೆ ಲಿಫ್ಟಿನಲ್ಲಿ ಸಿಕ್ಕಿಬಿದ್ದರು. ವಾಚ್‌ಮನ್ ಕೀಲಿ ಹಾಕಿ ಬಾಗಿಲು ತೆಗೆದ. ಲಿಫ್ಟು ಅರ್ಧ ಮೇಲೆ ನಿಂತಿತ್ತು. "ಹಾರಿ" ಎಂದ. ಅತ್ತೆ ಹಾರಲಿಲ್ಲ, ಅರ್ಧ ಗಂಟೆ ಕೂತರು. ಯಾರದು ಸರಿ?
— ಠಾಣೆಯ ಸೊಸೆ

ಉತ್ತರ: ನಿಮ್ಮತ್ತೆಯದು, ತಂಗಿ. ಡಬ್ಬಿ ಮಾಳಿಗೆಗಿಂತ ಮೇಲಕ್ಕೆ ನಿಂತಾಗ ಅದರ ಕೆಳಗೆ ಖಾಲಿ ಬಾವಿ ಬಾಯಿ ತೆರೆದಿರುತ್ತದೆ. ಹಾರಿದವರು ಹಿಂದಕ್ಕೆ ಜಾರಿದರೆ ಅಲ್ಲಿಗೇ. ಒಳಗೆ ಗಾಳಿ ಬರುತ್ತದೆ, ಉಸಿರು ಕಟ್ಟುವುದಿಲ್ಲ. ಬೆಲ್ ಒತ್ತಿ ಕೂರುವುದೇ ಸರಿ. ಕರೆಂಟು ಹೋದರೆ ಬ್ಯಾಟರಿಯಲ್ಲಿ ಹತ್ತಿರದ ಮಾಳಿಗೆಗೆ ತಂದು ಬಾಗಿಲು ತೆಗೆಯುವ ಎಆರ್‌ಡಿ ಎಂಬ ಪೆಟ್ಟಿಗೆ ಸಿಗುತ್ತದೆ, ಹಾಕಿಸಿ. ಇದ್ದರೆ ಅದರ ಬ್ಯಾಟರಿ ಸತ್ತಿದೆಯೇ ನೋಡಿ, ಸಾಧಾರಣ ಸತ್ತೇ ಇರುತ್ತದೆ. ಆ ಕೀಲಿಯನ್ನು ಮಾತ್ರ ವಾಚ್‌ಮನ್ ಜೇಬಿನಿಂದ ಇವತ್ತೇ ಇಸ್ಕೊಳ್ಳಿ. ತರಬೇತಿ ಪಡೆದವನ ಕೈಗೆ ಬಿಟ್ಟು ಬೇರೆಯವರಿಗೆ ಅದು ಬೇಡ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.