ಹಳೆ ಗಿಟಾರ್ ನಂಬರು: ಓದುವುದು ಹೇಗೆ, ನಂಬುವುದು ಎಷ್ಟು

ಪ್ರಶ್ನೆ: ನಮ್ಮ ಕಾಕಾ ಸೌದಿಯಲ್ಲಿ ಕೆಲಸಕ್ಕಿದ್ದಾಗ ಕೊಂಡು ತಂದ ಫೆಂಡರ್ ಸ್ಟ್ರಾಟೊಕಾಸ್ಟರ್ ಈಗ ನನ್ನ ಹತ್ರ ಅದ. ಹೆಡ್‌ಸ್ಟಾಕ್ (ತಂತಿ ಬಿಗಿಯೋ ಕಿವಿಗಳಿರೋ ತುದಿ) ಮೇಲೆ ‘ಎಸ್9’ ಅಂತ ಶುರುವಾಗಿ ಮುಂದ ಐದು ಅಂಕಿ ಅವ. ಹೈದರಾಬಾದಿನ ಅಂಗಡಿಯವರು ‘1979ರ ಮಾಲು, ಪಕ್ಕಾ’ ಅಂತಾರ. ಇಲ್ಲಿ ಸೂಪರ್ ಮಾರ್ಕೆಟ್ ಹತ್ರ ರಿಪೇರಿ ಮಾಡೋರು ‘ನಂಬರ್ ಯಾರ್ ಬೇಕಾದ್ರೂ ಹಚ್ಚಬಹುದು’ ಅಂತಾರ. ಯಾರ ಮಾತು ಖರೆ?
– ಕಲಬುರಗಿಯ ಓದುಗರು

ಉತ್ತರ: ಇಬ್ಬರದೂ ಅರ್ಧರ್ಧ ಖರೆ. ‘ಎಸ್’ ಎಂದರೆ ಎಪ್ಪತ್ತರ ದಶಕ, 9 ಎಂದರೆ ಆ ದಶಕದ ಒಂಬತ್ತನೆಯ ಇಸವಿ. ಎಂಬತ್ತರ ದಶಕಕ್ಕೆ ‘ಇ’, ತೊಂಬತ್ತರದಕ್ಕೆ ‘ಎನ್’, 2000ದಿಂದ 2009ರವರೆಗಿನದಕ್ಕೆ ‘ಝಡ್’. ಇಷ್ಟು ಓದಲು ಅಂಗಡಿಯವರೇ ಬೇಕಿಲ್ಲ. ತೊಡಕು ಇರುವುದು ಕಾರ್ಖಾನೆ ಈ ನಂಬರುಗಳನ್ನು ಬಳಸಿದ ರೀತಿಯಲ್ಲಿ. ಎಸ್9 ನಂಬರಿನ ಡೆಕಾಲ್‌ಗಳು, ಅಂದರೆ ಹೆಡ್‌ಸ್ಟಾಕ್ ಮೇಲೆ ಅಂಟಿಸುವ ಅಚ್ಚುಗಳು, 1979ಕ್ಕೇ ಮುಗಿಯಲಿಲ್ಲ. 1980ರಲ್ಲಿ, 81ರಲ್ಲಿ ತಯಾರಾದ ಗಿಟಾರ್‌ಗಳ ಮೇಲೂ ಅವು ಸಿಗುತ್ತವೆ. ಹಾಗಾಗಿ ನಿಮ್ಮ ನಂಬರು ಹೇಳುವುದು ‘1979ರಿಂದ 81ರ ನಡುವೆ’ ಎಂದಷ್ಟೇ. ‘ಪಕ್ಕಾ’ ಎನ್ನಬೇಕಾದರೆ ಗಿಟಾರ್‌ನ ಉಳಿದ ಭಾಗಗಳೂ ಅದೇ ಮಾತು ಹೇಳಬೇಕು.

ಸ್ಕ್ರೂಡ್ರೈವರ್ ಮುಟ್ಟದೆಯೇ ನೋಡಬಹುದಾದದ್ದು ಬಹಳ ಇದೆ. ಆ ಕಾಲದ ಸ್ಟ್ರಾಟೊಕಾಸ್ಟರ್‌ಗೆ ದೊಡ್ಡ ಹೆಡ್‌ಸ್ಟಾಕ್ ಇರುತ್ತಿತ್ತು. ನಟ್ (ತಂತಿಗಳು ಕೂರುವ ಸಣ್ಣ ಪಟ್ಟಿ) ಪಕ್ಕದಲ್ಲಿ, ಹೆಡ್‌ಸ್ಟಾಕ್ ಶುರುವಾಗುವಲ್ಲಿ, ಗುಂಡಿನ ತುದಿಯಂಥ ಲೋಹದ ಮೊಳೆ ಹೊರಗೆ ಕಾಣಬೇಕು. ಅದು ನೆಕ್ಕಿನ (ಬೆರಳಾಡುವ ಉದ್ದನೆಯ ಭಾಗದ) ಒಳಗಿರುವ, ನೆಕ್ ಬಾಗದಂತೆ ಹಿಡಿಯುವ ಟ್ರಸ್ ರಾಡ್ ತಿರುಗಿಸುವ ಜಾಗ. ಬೆನ್ನ ಹಿಂದೆ, ನೆಕ್ಕನ್ನು ಬಾಡಿಗೆ ಹಿಡಿಸುವ ನೆಕ್ ಪ್ಲೇಟ್ ತ್ರಿಕೋನದಂತಿದ್ದು ಮೂರೇ ಬೋಲ್ಟ್ ಇರಬೇಕು. ಮೂರು ಬೋಲ್ಟಿನ ಈ ಪದ್ಧತಿ 1971ರ ಕೊನೆಗೆ ಬಂದು 1981ರಲ್ಲಿ ಹೋಯಿತು. ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ಬದಲಿಸುವ ಸ್ವಿಚ್ ಐದು ಕಡೆ ನಿಲ್ಲಬೇಕು, ಏಕೆಂದರೆ 1977ಕ್ಕೂ ಹಿಂದಿನ ಸ್ಟ್ರಾಟೊಕಾಸ್ಟರ್‌ಗಳ ಸ್ವಿಚ್ ಮೂರೇ ಕಡೆ ನಿಲ್ಲುತ್ತಿತ್ತು. ಎಸ್9 ನಂಬರಿದ್ದೂ ಹೆಡ್‌ಸ್ಟಾಕ್ ಸಣ್ಣದು, ಹಿಂದೆ ನಾಲ್ಕು ಬೋಲ್ಟು ಎಂದಾದರೆ ಅಲ್ಲಿಗೇ ಅನುಮಾನ ಪಡಿ. ಒಂದು ಅಪವಾದ ಹೇಳಿಬಿಡುತ್ತೇನೆ: 1979ರಲ್ಲಿ ಸ್ಟ್ರಾಟೊಕಾಸ್ಟರ್‌ನ 25ನೇ ವರ್ಷದ ನೆನಪಿಗೆ ಮಾಡಿದ ವಿಶೇಷ ಗಿಟಾರ್‌ಗೆ ನಾಲ್ಕು ಬೋಲ್ಟ್ ಇದ್ದವು. ಆದರೆ ಅದರ ನಂಬರು 25ರಿಂದ ಶುರುವಾಗುತ್ತದೆ, ಎಸ್9ರಿಂದಲ್ಲ.

ಇದೆಲ್ಲ ಹೊಂದಿದರೆ ಮುಂದಿನ ಕೆಲಸ ಪಿಕ್‌ಗಾರ್ಡ್ (ಬಾಡಿಯ ಮುಂದೆ ಕೂರಿಸಿದ ಪ್ಲಾಸ್ಟಿಕ್ ಹಾಳೆ) ಕೆಳಗೆ. ಮೊದಲು ತಂತಿಗಳನ್ನು ಪೂರ್ತಿ ಸಡಿಲ ಮಾಡಿ. ಆಮೇಲೆ ಹನ್ನೊಂದು ಸ್ಕ್ರೂ ಬಿಚ್ಚಿ, ಪಿಕ್‌ಗಾರ್ಡನ್ನು ಪುಸ್ತಕದ ಪುಟ ತಿರುವಿದಂತೆ ನಿಧಾನಕ್ಕೆ ಮಗುಚಿ. ಎಳೆಯಬೇಡಿ. ಕೇಬಲ್ ಚುಚ್ಚುವ ಜಾಕ್‌ಗೂ ಹಿಂದಿನ ಸ್ಪ್ರಿಂಗ್‌ಗಳ ಕಡೆಗೂ ಹೋಗುವ ವೈರುಗಳು ಗಿಡ್ಡ ಇರುತ್ತವೆ, ಜಗ್ಗಿದರೆ ಕಿತ್ತೇ ಬರುತ್ತವೆ. ಈಗ ವಾಲ್ಯೂಮ್, ಟೋನ್ ಪಾಟ್‌ಗಳ, ಅಂದರೆ ಸದ್ದು ಹೆಚ್ಚುಕಡಿಮೆ ಮಾಡಲು ತಿರುಗಿಸುವ ಗುಬ್ಬಿಗಳ ಕೆಳಗಿನ ಬಿಡಿಭಾಗಗಳ, ಬೆನ್ನು ಕಾಣುತ್ತದೆ. ಅದರ ಮೇಲೆ ಸಣ್ಣ ಅಂಕಿಗಳ ಒಂದು ಸಾಲು ಒತ್ತಿರುತ್ತಾರೆ. ಮೊಬೈಲ್ ಟಾರ್ಚನ್ನು ನೇರ ಬಿಡದೆ ಒಂದು ಬದಿಯಿಂದ ಓರೆಯಾಗಿ ಹಿಡಿದರೆ ಅಂಕಿಗಳು ಎದ್ದು ಕಾಣುತ್ತವೆ. ಉದಾಹರಣೆಗೆ 1377938 ಎಂದಿದೆ ಅಂದುಕೊಳ್ಳಿ. ಮೊದಲ ಮೂರಂಕಿ ಪಾಟ್ ತಯಾರಿಸಿದವರ ಗುರುತು. 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್, 134 ಎಂದರೆ ಸೆಂಟ್ರಲ್ಯಾಬ್. ಮುಂದಿನ 79 ಇಸವಿ. ಕೊನೆಯ 38 ಆ ವರ್ಷದ ಎಷ್ಟನೇ ವಾರ ಎಂಬುದು, ಅಂದರೆ 1979ರ ಸೆಪ್ಟೆಂಬರ್.

ಇಲ್ಲಿ ಎಚ್ಚರ ಬೇಕು. ಪಾಟ್ ಹೇಳುವುದು ‘ಇದಕ್ಕಿಂತ ಮುಂಚೆ ಈ ಗಿಟಾರ್ ಜೋಡಿಸಿರಲು ಸಾಧ್ಯವಿಲ್ಲ’ ಎಂದಷ್ಟೇ. ಎಷ್ಟು ನಂತರ ಜೋಡಿಸಿದರು ಎಂಬುದು ಅದಕ್ಕೆ ಗೊತ್ತಿಲ್ಲ. ಫೆಂಡರ್ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡಿಟ್ಟಿತ್ತು. ಹಾಗಾಗಿ 1967, 68, 69ರ ಎಷ್ಟೋ ಗಿಟಾರ್‌ಗಳಲ್ಲಿ 66ರ ಪಾಟುಗಳೇ ಇವೆ. ಇನ್ನೊಂದು, ಬೆಸುಗೆ ನೋಡಿ. ಕಾರ್ಖಾನೆಯ ಹಳೆ ಬೆಸುಗೆ ಮಬ್ಬಾಗಿರುತ್ತದೆ, ಯಾರೂ ಮುಟ್ಟಿರದ ಲಕ್ಷಣ ಕಣ್ಣಿಗೆ ಬೀಳುತ್ತದೆ. ಒಂದೇ ಪಾಟಿನ ಮೇಲೆ ಹೊಸ ಬೆಸುಗೆ ಫಳಫಳ ಹೊಳೆಯುತ್ತಿದ್ದರೆ ಅದನ್ನು ಬದಲಿಸಿದ್ದಾರೆ. ಅಂಥ ಪಾಟಿನ ಇಸವಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂಕಿ ಬೆಸುಗೆಯ ಕೆಳಗೆ ಮುಚ್ಚಿಹೋಗಿದ್ದರೆ ಕೆರೆದು ತೆಗೆಯಲೂ ಹೋಗಬೇಡಿ. ಇನ್ನೆರಡು ಪಾಟ್ ಇವೆಯಲ್ಲ, ಅವನ್ನು ನೋಡಿ.

ನೆಕ್ ಬಿಚ್ಚಿ ನೋಡಬೇಕೇ ಎಂದು ಕೇಳುವವರು ಬಹಳ. ಐವತ್ತರ ದಶಕದ ಫೆಂಡರ್‌ನಲ್ಲಿ ನೆಕ್ಕಿನ ಬುಡಕ್ಕೆ ಪೆನ್ಸಿಲಿನಲ್ಲಿ ತಾರೀಕು ಬರೆಯುತ್ತಿದ್ದರು, 1962ರಿಂದ ಶಾಯಿ ಮುದ್ರೆ ಒತ್ತತೊಡಗಿದರು. ಆ ಮುದ್ರೆಯಲ್ಲಿ ತಿಂಗಳು, ಇಸವಿಯ ಜೊತೆಗೆ ಮಾಡೆಲಿನ ಅಂಕಿ, ನಟ್ ಅಗಲದ ಅಕ್ಷರ ಎಲ್ಲ ಇರುತ್ತದೆ. ಇಷ್ಟು ಚೆಂದದ ದಾಖಲೆ ಇನ್ನೊಂದಿಲ್ಲ. ಆದರೆ 1973ರ ನಂತರ, ಸುಮಾರು 81ರವರೆಗೆ, ಆ ಜಾಗದಲ್ಲಿ ಸ್ಪಷ್ಟ ತಾರೀಕು ಸಿಗುವುದು ಅಪರೂಪ. ನಿಮ್ಮದು ಸರಿಯಾಗಿ ಆ ಕಾಲದ್ದು. ಅದಕ್ಕೇ ಹೇಳುತ್ತೇನೆ, ನಿಮ್ಮ ಗಿಟಾರ್‌ನ ನೆಕ್ಕನ್ನು ಬಿಚ್ಚುವ ಅಗತ್ಯವೇ ಇಲ್ಲ, ಪಾಟುಗಳೇ ಸಾಕು. ಅರವತ್ತರ ದಶಕದ್ದು ಇಟ್ಟುಕೊಂಡವರು ಬಿಚ್ಚಿದರೆ, ತಿರುಗಿ ಹಾಕುವಾಗ ಪ್ರತಿ ಸ್ಕ್ರೂವನ್ನೂ ಮೊದಲು ಎಡಕ್ಕೆ ನಿಧಾನ ತಿರುಗಿಸಿ. ‘ಟಕ್’ ಎಂದು ಹಳೆಯ ಮರೆಯಲ್ಲಿ (ಸ್ಕ್ರೂ ಕೊರೆದ ಸುರುಳಿ ಗೀರಿನಲ್ಲಿ) ಕೂತ ಮೇಲೆ ಬಲಕ್ಕೆ ಬಿಗಿಯಿರಿ. ಇಲ್ಲವಾದರೆ ಮರದಲ್ಲಿ ಹೊಸ ಮರೆ ಕೊರೆದು, ನಾಲ್ಕಾರು ಸಲಕ್ಕೆ ಸ್ಕ್ರೂ ಹಿಡಿಯುವುದೇ ಇಲ್ಲ.

ಇನ್ನು ರಿಪೇರಿಯವರ ಮಾತು. ನಂಬರು ಯಾರು ಬೇಕಾದರೂ ಹಚ್ಚಬಹುದು ಎನ್ನುವುದು ನಿಮ್ಮ ಗಿಟಾರ್‌ಗಿಂತ ಹೆಚ್ಚಾಗಿ 1976ಕ್ಕೂ ಹಿಂದಿನ ಫೆಂಡರ್‌ಗಳಿಗೆ ಒಪ್ಪುತ್ತದೆ. ಆಗ ನಂಬರು ಇರುತ್ತಿದ್ದುದು ಲೋಹದ ನೆಕ್ ಪ್ಲೇಟಿನ ಮೇಲೆ. ಕಾರ್ಖಾನೆಯಲ್ಲಿ ಆ ಪ್ಲೇಟುಗಳು ಡಬ್ಬಿಯಲ್ಲಿ ತುಂಬಿರುತ್ತಿದ್ದವು, ಕೆಲಸಗಾರರ ಕೈಗೆ ಯಾವುದು ಬಂತೋ ಅದನ್ನೇ ಹಾಕುತ್ತಿದ್ದರು. ಹಾಗಾಗಿ ‘ಎಲ್’ ಅಕ್ಷರದ ನಂಬರುಗಳು ಸುಮಾರು 1963ರಿಂದ 65ರವರೆಗಿನವು, ಸಿಬಿಎಸ್ ಕಂಪನಿ 1965ರಲ್ಲಿ ಫೆಂಡರನ್ನು ಕೊಂಡ ಮೇಲೆ ದೊಡ್ಡ ‘ಎಫ್’ ಒತ್ತಿದ ಪ್ಲೇಟು ಬಂತು ಎಂಬ ಮಟ್ಟಕ್ಕೆ ಗುರುತಿಸಬಹುದೇ ಹೊರತು ನಂಬರಿನ ಏರಿಕೆ ಹಿಡಿದು ತಿಂಗಳು ಹೇಳಲು ಬರುವುದಿಲ್ಲ. ಮೇಲಾಗಿ ಸ್ಕ್ರೂ ಬಿಚ್ಚಿದರೆ ಪ್ಲೇಟು ಕೈಗೆ ಬರುತ್ತದೆ, ಇನ್ನೊಂದಕ್ಕೆ ಹಾಕಬಹುದು. ಪ್ಲೇಟು 1964ರದ್ದು, ಬಾಡಿ 1972ರದ್ದು, ನೆಕ್ ಇನ್ನೆಲ್ಲಿಯದೋ ಆಗಿ ಮಾರಾಟಕ್ಕೆ ಬರುವ ಗಿಟಾರ್‌ಗಳು ಸಾಕಷ್ಟಿವೆ.

ನಿಮಗೂ, ನಮ್ಮ ಭಾಗದ ಎಲ್ಲರಿಗೂ ಒಂದು ಕಳಕಳಿಯ ಮಾತು. ಪಾಟ್ ಕರಕರ ಎಂದರೆ ಕೂಡಲೇ ಬದಲಿಸುವುದು ನಮ್ಮ ಕಡೆ ರೂಢಿ. ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಸಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಬದಲಿಸಲೇಬೇಕಾದರೆ ಹಳೆಯ ಪಾಟನ್ನು ಕೇಳಿ ಪಡೆದು, ಚೀಟಿ ಹಚ್ಚಿ ಗಿಟಾರ್ ಪೆಟ್ಟಿಗೆಯಲ್ಲೇ ಇಡಿ. ಹಳೆಯ ಪಾಟು ಕಸಕ್ಕೆ ಹೋದರೆ ಆ ಗಿಟಾರ್‌ನ ಜನ್ಮದಾಖಲೆಯೇ ಕಸಕ್ಕೆ ಹೋದಂತೆ.

ಪ್ರಶ್ನೆ: ಪರಿಚಯದವರೊಬ್ಬರು ಗಿಬ್ಸನ್ ಲೆಸ್ ಪಾಲ್ ತೋರಿಸಿದ್ದಾರೆ. ಹೆಡ್‌ಸ್ಟಾಕ್ ಹಿಂದೆ ಶಾಯಿಯಲ್ಲಿ 9 8214 ಎಂದಿದೆ. ‘ಮೊದಲಂಕಿ 9, ಅಂದರೆ 1959’ ಎನ್ನುತ್ತಾರೆ. ಹೊಲ ಮಾರಿದರೂ ಸಾಲದಷ್ಟು ಬೆಲೆ ಎಂದು ಕೇಳಿದ್ದೇನೆ. ಇವರು ಅದರ ಒಂದಂಶಕ್ಕೆ ಕೊಡುತ್ತಾರಂತೆ. ತಗೊಳ್ಳಬಹುದೇ?
– ಬೀದರ್‌ನ ಓದುಗರು

ಉತ್ತರ: ಹಣ ಕೊಡುವ ಮುಂಚೆ ಕೇಳಿದಿರಿ, ಒಳ್ಳೆಯದಾಯಿತು. 1953ರಿಂದ 1960ರವರೆಗೆ ಗಿಬ್ಸನ್ ತನ್ನ ಗಟ್ಟಿ ಬಾಡಿಯ ಗಿಟಾರ್‌ಗಳಿಗೆ ಇಸವಿಯ ಕೊನೆಯ ಅಂಕಿಯನ್ನೇ ಮೊದಲಿಟ್ಟು ನಂಬರು ಒತ್ತುತ್ತಿತ್ತು ಎನ್ನುವುದು ನಿಜ. ಆದರೆ 1993ರಿಂದ ಗಿಬ್ಸನ್ ಕಂಪನಿಯೇ 1959ರ ಮಾದರಿಯನ್ನು ಮತ್ತೆ ತಯಾರಿಸುತ್ತಿದೆ, ನಂಬರನ್ನೂ ಅದೇ ಅಚ್ಚಿನಲ್ಲಿ ಹಾಕುತ್ತಿದೆ. ಈ ಮರುತಯಾರಿಯಲ್ಲಿ 9 ಎಂದರೆ ‘59ರ ಮಾದರಿ’ ಎಂದರ್ಥ, ಅದರ ಮುಂದಿನ ಅಂಕಿ ತಯಾರಾದ ಇಸವಿಯ ಕೊನೆಯ ಅಂಕಿ. ನಿಮ್ಮ 9 8214 ಆ ಲೆಕ್ಕದಲ್ಲಿ 1998 ಅಥವಾ 2008ರಂಥ, 8ರಿಂದ ಮುಗಿಯುವ ಇಸವಿ ಆಗುತ್ತದೆ. ಮೋಸದ ನಂಬರಲ್ಲ, ಅಸಲಿ ಗಿಬ್ಸನ್‌ನದೇ ಇರಬಹುದು. ಮೋಸ ಇದ್ದರೆ ಅದು ಹೇಳುವವರ ಬಾಯಲ್ಲಿ.

ನೋಡುವುದು ಸುಲಭ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಪಾಟುಗಳಿರುವ ಗುಂಡಿಯೊಳಗೆ ‘ಆರ್9’ ಎಂಬ ಮುದ್ರೆ ಇದೆಯೇ ನೋಡಿ. ಇದ್ದರೆ ಅದು ಮರುತಯಾರಿ, ಮಾತು ಮುಗಿಯಿತು. ಇಲ್ಲದಿದ್ದರೆ ಆ ಜಾಗದ ಮರವನ್ನು ಯಾರಾದರೂ ಕೆರೆದಿದ್ದಾರೆಯೇ ನೋಡಿ. ಹಳೆ ಮರದ ನಡುವೆ ತಿಳಿ ಬಣ್ಣದ ಹೊಸ ಗಾಯ ಎದ್ದು ಕಾಣುತ್ತದೆ. ಆಮೇಲೆ ಮೇಲಿನ ಉತ್ತರದಂತೆ ಪಾಟ್ ಓದಿ: ಮೂಲ 59ರಲ್ಲಿ 134ರಿಂದ ಶುರುವಾಗುವ ಸೆಂಟ್ರಲ್ಯಾಬ್ ಪಾಟುಗಳಿರುತ್ತವೆ. 137ರ ಮುಂದೆ 98 ಎಂದು ಕಂಡರೆ ಇನ್ನೇನು ಕೇಳುವುದಿದೆ? ಮುಚ್ಚಳ ತೆಗೆಯಲು ಒಪ್ಪದ ಮಾರಾಟಗಾರರ ಹತ್ತಿರ ವ್ಯವಹಾರವೇ ಬೇಡ. ಮರುತಯಾರಿಯ ಬೆಲೆಗೆ ಕೊಟ್ಟರೆ ಒಳ್ಳೆಯ ಗಿಟಾರ್, ಖುಷಿಯಿಂದ ತಗೊಳ್ಳಿ.

ಇದೇ ಕಂಪನಿಯ ಎಂಟಂಕಿ ನಂಬರಿನ ಬಗ್ಗೆ ಬಹಳ ಜನ ಕೇಳುತ್ತಾರೆ. 1977ರಿಂದ ಬಂದ ಆ ಪದ್ಧತಿ ಅಚ್ಚುಕಟ್ಟಾಗಿದೆ. ಒಂದನೆಯ ಮತ್ತು ಐದನೆಯ ಅಂಕಿ ಸೇರಿದರೆ ಇಸವಿ, ನಡುವಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದು. 80452512 ಎಂದರೆ 82ನೇ ಇಸವಿಯ 45ನೇ ದಿನ, ಅಂದರೆ 1982ರ ಫೆಬ್ರುವರಿ 14. ಕೊನೆಯ ಮೂರಂಕಿ 500 ಅಥವಾ ಅದಕ್ಕಿಂತ ಮೇಲಿದ್ದರೆ ನ್ಯಾಶ್‌ವಿಲ್ ಕಾರ್ಖಾನೆ, ಕೆಳಗಿದ್ದರೆ ಕಲಮಜೂ. ಕಲಮಜೂ ಕಾರ್ಖಾನೆ 1984ರಲ್ಲಿ ಮುಚ್ಚಿದ್ದರಿಂದ ಆ ನಂತರದವಕ್ಕೆ ಈ ಭೇದ ಹೊಂದುವುದಿಲ್ಲ. 2005ರಿಂದ ಒಂಬತ್ತಂಕಿ ಆಯಿತು, ಇಸವಿ ಮತ್ತು ದಿನ ಓದುವ ಕ್ರಮ ಬಹುತೇಕ ಅದೇ.

ಅರವತ್ತರ ದಶಕದ ಆರಂಕಿಯ ನಂಬರು ಮಾತ್ರ ಗೋಜಲು. ಒಂದೇ ನಂಬರನ್ನು ಬೇರೆ ಬೇರೆ ವರ್ಷಗಳಲ್ಲಿ ಎರಡು, ಮೂರು ಗಿಟಾರ್‌ಗಳಿಗೆ ಒತ್ತಿದ್ದಾರೆ. ಅಲ್ಲಿ ನಂಬರು ಬಿಟ್ಟು ಗಿಟಾರ್ ನೋಡಬೇಕು. ನಂಬರಿನ ಜೊತೆ ‘ಮೇಡ್ ಇನ್ ಯುಎಸ್ಎ’ ಎಂದು ಮರಕ್ಕೆ ಒತ್ತಿದ್ದರೆ ಸಾಮಾನ್ಯವಾಗಿ 1970 ಅಥವಾ ನಂತರದ್ದು. ನೆಕ್ಕಿನ ಹಿಂದೆ, ಹೆಡ್‌ಸ್ಟಾಕ್ ಬುಡದಲ್ಲಿ, ಮರದ ಉಬ್ಬು ಕೈಗೆ ಸಿಕ್ಕರೂ ಎಪ್ಪತ್ತರ ದಶಕದ ಲಕ್ಷಣವೇ.

ಪ್ರಶ್ನೆ: ತಂದೆಯವರು ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಗಿಟಾರ್ ಇದೆ. ಇಂಟರ್ನೆಟ್ಟಿನ ಗಿಬ್ಸನ್ ಪಟ್ಟಿಗೆ ಅದರ ನಂಬರು ಹಾಕಿದರೆ 1967 ಎಂದು ಬರುತ್ತದೆ. ಫೋಟೊ ಕಳಿಸಿದ್ದೇನೆ.
– ಯಾದಗಿರಿಯ ಓದುಗರು

ಉತ್ತರ: ಫೋಟೊದಲ್ಲಿ ಹೆಸರನ್ನು ಇನ್ನೊಮ್ಮೆ ಓದಿ, ಅದು ಗಿವ್ಸನ್. ಕೋಲ್ಕತ್ತದ ತಯಾರಿಕೆ. ಅಮೆರಿಕದ ಗಿಬ್ಸನ್‌ಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಆ ಪಟ್ಟಿಯಲ್ಲಿ ಬಂದ ಇಸವಿಗೆ ಅರ್ಥವಿಲ್ಲ. ಬೇಸರ ಪಡಬೇಡಿ. ನಮ್ಮ ಜಿಲ್ಲೆಗಳಲ್ಲಿ ಆರ್ಕೆಸ್ಟ್ರಾ ಎಂಬುದು ನಡೆದದ್ದೇ ಇಂಥ ಗಿಟಾರ್‌ಗಳ ಮೇಲೆ, ಚರ್ಚಿನ ಹಾಡಿನ ತಂಡಗಳಲ್ಲೂ ಇವೇ ಇದ್ದವು. ನಿಮ್ಮದರ ವಯಸ್ಸು ತಿಳಿಯಬೇಕಾದರೆ ಪೆಟ್ಟಿಗೆಯಲ್ಲಿ ಅಂಗಡಿಯ ಬಿಲ್ಲೋ ಸ್ಟಿಕರ್ರೋ ಇದೆಯೇ ಹುಡುಕಿ. ತಂದೆಯವರು ಅದನ್ನು ಹಿಡಿದು ನಿಂತ ಹಳೆ ಫೋಟೊಗಳ ಹಿಂದೆ ಸ್ಟುಡಿಯೊದವರ ಮುದ್ರೆ, ತಾರೀಕು ಇರುತ್ತದೆ. ಅದು ಯಾವ ಪಟ್ಟಿಗಿಂತಲೂ ಗಟ್ಟಿ ಸಾಕ್ಷಿ. ಅವರ ಜೊತೆ ನುಡಿಸಿದವರು ಇನ್ನೂ ಇದ್ದರೆ ಇವತ್ತೇ ಹೋಗಿ ಕೇಳಿ ಬರೆದಿಡಿ.

ಪ್ರಶ್ನೆ: ನನ್ನ ಜಪಾನಿ ಐಬನೀಜ್ ನಂಬರು ಎಫ್851234. ಒಬ್ಬರು 1985 ಅಂತಾರ, ಇನ್ನೊಬ್ಬರು 1988 ಅಂತಾರ. ಆರ್‌ಜಿ ಮಾಡೆಲ್.
– ಕಲಬುರಗಿಯ ಇನ್ನೊಬ್ಬ ಓದುಗರು

ಉತ್ತರ: ಮಾಡೆಲ್ ಬರೆದದ್ದರಿಂದ ಕೆಲಸ ಸುಲಭವಾಯಿತು. 1975ರಿಂದ ಎಂಬತ್ತರ ದಶಕದ ನಡುವಿನವರೆಗೆ ಐಬನೀಜ್‌ನ ಅಕ್ಷರ ತಿಂಗಳನ್ನು ಹೇಳುತ್ತಿತ್ತು. ‘ಎ’ ಜನವರಿ, ‘ಎಫ್’ ಜೂನ್, ‘ಎಲ್’ ಡಿಸೆಂಬರ್. ಮುಂದಿನ ಎರಡಂಕಿ ಇಸವಿ. ಹಾಗೆ ಓದಿದರೆ ನಿಮ್ಮದು 1985ರ ಜೂನ್. 1987ರಿಂದ ಪದ್ಧತಿ ಬದಲಾಗಿ ‘ಎಫ್’ ಎಂದರೆ ಫುಜಿಜೆನ್ ಕಾರ್ಖಾನೆ, ಮುಂದಿನ ಒಂದೇ ಅಂಕಿ ಇಸವಿ ಎಂದಾಯಿತು. ಹಾಗೆ ಓದಿದರೆ 1988. ನಂಬರೊಂದನ್ನೇ ಹಿಡಿದು ಕೂತರೆ ಈ ಜಗಳ ಬಗೆಹರಿಯದು. ಆದರೆ ಆರ್‌ಜಿ ಸರಣಿ ಶುರುವಾದದ್ದೇ 1987ರಲ್ಲಿ. ಹಾಗಾಗಿ ನಿಮ್ಮದು ಬಹುಶಃ 1988ರದ್ದು.