ಆಳದಲ್ಲಿ ಸಿಕ್ಕಿದ್ದೆಲ್ಲ ಹಳೆಯದಲ್ಲ

ಪ್ರಶ್ನೆ: ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ಓದಿದ್ದೇನೆ. ಹಾಗಾದರೆ ವಸ್ತು ಎಷ್ಟು ಅಡಿ ಕೆಳಗೆ ಸಿಕ್ಕಿತು ಅಂತ ಅಳೆದರೆ ಅದರ ವಯಸ್ಸು ಗೊತ್ತಾಗಬೇಕಲ್ವಾ?

ಉತ್ತರ: ಪದರದ ಮಾತು ಸರಿ. 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೊ ಬಂಡೆಗಳ ಪದರಗಳ ಬಗ್ಗೆ ಹೇಳಿದ ನಿಯಮ ಅದು. ಉತ್ಖನನಕ್ಕೂ ಅದೇ ಆಧಾರ. ಆದರೆ ಅಡಿ ಲೆಕ್ಕವನ್ನು ನಾನು ಒಪ್ಪಲಾರೆ. ಜನ ಬದುಕಿದ ಕಡೆ ನೆಲ ಅಗೆಯದೆ ಬಿಡುವುದಿಲ್ಲ. ಕಂಬ ನೆಡಬೇಕು, ಕಸ ಹಾಕಬೇಕು, ಸತ್ತವರನ್ನು ಹೂಳಬೇಕು. ಹಾಗೆ ತೋಡಿದ ಗುಂಡಿ ಹಳೆಯ ಪದರಗಳನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಅದರ ತಳದಲ್ಲಿ ಬಿದ್ದ ಮಡಕೆ ಚೂರು, ಗೇಣು ದೂರದಲ್ಲಿ ಅಷ್ಟೇ ಆಳದಲ್ಲಿರುವ ಇನ್ನೊಂದು ಚೂರಿಗಿಂತ ಸಾವಿರ ವರ್ಷ ಹೊಸದಾಗಿರಬಹುದು. ಇಲಿ ಬಿಲ, ಮರದ ಬೇರು ಕೂಡ ಸಣ್ಣ ಮಣಿಗಳನ್ನು ಕೆಳಗಿಳಿಸುತ್ತವೆ.

ಅದಕ್ಕೇ ನಾನು ಉತ್ಖನನಕ್ಕೆ ಅಗೆದ ಕಂದಕಕ್ಕೆ, ಅಂದರೆ ಟ್ರೆಂಚಿಗೆ ಇಳಿದರೆ ವಸ್ತುವಿಗಿಂತ ಮೊದಲು ಟ್ರೆಂಚಿನ ಗೋಡೆ ನೋಡುತ್ತೇನೆ. ಗೋಡೆಯನ್ನು ಕರಣೆಯಿಂದ ತೆಳುವಾಗಿ ಕೆರೆದು, ಸ್ವಲ್ಪ ನೀರು ಚಿಮುಕಿಸಿದರೆ ಮಣ್ಣಿನ ಬಣ್ಣಗಳು ಎದ್ದು ಕಾಣುತ್ತವೆ. ಹಳದಿ ಮಣ್ಣಿನ ನಡುವೆ ಬೂದು ಬಣ್ಣದ ಮಣ್ಣು ಬಟ್ಟಲಿನಂತೆ ಬಾಗಿ ಇಳಿದಿದೆಯಾ? ಅದು ಗುಂಡಿ. ಅದರ ಬಾಯಿ ಯಾವ ಪದರದಿಂದ ಶುರುವಾಗಿದೆ ಎಂದು ಹುಡುಕಬೇಕು. ಆ ಪದರ ಆದಮೇಲೆ ಗುಂಡಿ ತೋಡಿದ್ದಾರೆ ಎಂದರ್ಥ, ಅದು ಎಷ್ಟೇ ಆಳಕ್ಕೆ ಹೋಗಿರಲಿ. ಪ್ರತಿ ಪದರಕ್ಕೂ ಪ್ರತಿ ಗುಂಡಿಗೂ ಬೇರೆ ಸಂಖ್ಯೆ ಕೊಡುತ್ತೇವೆ. ಸಿಕ್ಕಿದ ವಸ್ತುವಿನ ಚೀಲದ ಮೇಲೆ ಆ ಸಂಖ್ಯೆ ಇರಲೇಬೇಕು. ಸಂಖ್ಯೆ ತಪ್ಪಿಹೋದ ಚೀಲ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಮ್ಮೆ ಅಗೆದ ಮಣ್ಣನ್ನು ಮತ್ತೆ ಅಗೆಯಲಾಗುವುದಿಲ್ಲವಲ್ಲ.

ಪ್ರಶ್ನೆ: ವಸ್ತು ಕಣ್ಣೆದುರೇ ಇರುವಾಗ ಪುರಾತತ್ವಜ್ಞರು ಸಿದ್ಧಾಂತಗಳ ಹೆಸರಲ್ಲಿ ಯಾಕೆ ಜಗಳವಾಡುತ್ತಾರೆ?

ಉತ್ತರ: ಫ್ರಾನ್ಸಿನ ಗುಹೆಗಳಲ್ಲಿ ಸಿಕ್ಕಿದ ನಿಯಾಂಡರ್ತಾಲ್ ಎಂಬ ಪ್ರಾಚೀನ ಮಾನವರ ಕಾಲದ ಕಲ್ಲಿನ ಉಪಕರಣಗಳನ್ನೇ ತೆಗೆದುಕೊಳ್ಳಿ. ಒಂದು ಪದರದಲ್ಲಿ ಒಂದು ಬಗೆಯವು ಜಾಸ್ತಿ, ಇನ್ನೊಂದರಲ್ಲಿ ಇನ್ನೊಂದು ಬಗೆಯವು. ಬೇರೆ ಬೇರೆ ಗುಂಪಿನವರು ಬಂದು ಹೋದರು ಎಂದರು ಫ್ರಾನ್ಸಿನ ಪುರಾತತ್ವಜ್ಞ ಫ್ರಾಂಸ್ವಾ ಬೋರ್ಡ್. ಹಾಗಲ್ಲ, ಅಲ್ಲಿ ಮಾಡಿದ ಕೆಲಸಗಳು ಬೇರೆ ಇರಬಹುದು ಎಂದರು ಅಮೆರಿಕದ ಲೂಯಿಸ್ ಬಿನ್‌ಫೋರ್ಡ್. ಕಲ್ಲುಗಳು ಅವೇ, ಕಥೆ ಎರಡು. ಯಾವುದನ್ನು ನಂಬಬೇಕು ಎಂದು ತೀರ್ಮಾನಿಸಲು ಒಂದು ದಾರಿ ಬೇಕಲ್ಲ, ಸಿದ್ಧಾಂತ ಬೇಕಾಗುವುದು ಅಲ್ಲೇ.

ಬಿನ್‌ಫೋರ್ಡ್ ವಾದ ಮಾಡಿ ಸುಮ್ಮನಾಗಲಿಲ್ಲ. ಅಲಾಸ್ಕಾದ ನುನಾಮಿಯುಟ್ ಬೇಟೆಗಾರರ ಜೊತೆ ಹೋಗಿ ಕೂತರು. ಅವರು ಬೆಂಕಿಯ ಸುತ್ತ ಕೂತು ಮೂಳೆ ಒಡೆಯುವಾಗ ಸಣ್ಣ ಚೂರುಗಳು ಕೂತಲ್ಲೇ ಉದುರುತ್ತಿದ್ದವು. ದೊಡ್ಡ ತುಂಡುಗಳನ್ನು ಹಿಂದಕ್ಕೋ ಮುಂದಕ್ಕೋ ಎಸೆಯುತ್ತಿದ್ದರು. ಜನ ಎದ್ದು ಹೋದಮೇಲೂ ಯಾರು ಎಲ್ಲಿ ಕೂತಿದ್ದರು ಎಂದು ಆ ಚೂರುಗಳಿಂದಲೇ ಹೇಳಬಹುದು! ಹಳೆಯ ಒಲೆಯೊಂದು ಸಿಕ್ಕಿದಾಗ ನಾನು ಇವತ್ತಿಗೂ ಮೊದಲು ಇದನ್ನೇ ಹುಡುಕುತ್ತೇನೆ.

ಆದರೆ ಎಲ್ಲವೂ ಕೆಲಸ, ಅನುಕೂಲದ ಲೆಕ್ಕಕ್ಕೆ ಸಿಗುವುದಿಲ್ಲ. ಟರ್ಕಿಯ ಚಾತಲ್‌ಹ್ಯೂಯೂಕ್ ಎಂಬ ಪುರಾತನ ನೆಲೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಜನ ತಾವು ಮಲಗುವ ಮನೆಯ ನೆಲದಡಿಯಲ್ಲೇ ಸತ್ತವರನ್ನು ಹೂಳುತ್ತಿದ್ದರು. ಅಲ್ಲಿ 1993ರಿಂದ ಉತ್ಖನನ ನಡೆಸಿದ ಬ್ರಿಟಿಷ್ ಪುರಾತತ್ವಜ್ಞ ಇಯಾನ್ ಹಾಡರ್, ನಂಬಿಕೆ ಮತ್ತು ಅರ್ಥವನ್ನೂ ಓದಬೇಕು ಎಂದು ಹಟ ಹಿಡಿದವರು. ನನಗೆ ಬಿನ್‌ಫೋರ್ಡ್, ಹಾಡರ್ ಇಬ್ಬರೂ ಬೇಕು. ಆದರೆ ಒಲೆಯ ಸುತ್ತಲಿನ ಚೂರುಗಳ ನಕ್ಷೆ ಬರೆಯದೆ ನೇರವಾಗಿ ನಂಬಿಕೆಯ ಮಾತಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಕಾರ್ಬನ್ ಪರೀಕ್ಷೆಯಿಂದ ಕಲ್ಲಿನ ಕೊಡಲಿಯ ವಯಸ್ಸು ತಿಳಿಯುತ್ತದೆಯೇ?

ಉತ್ತರ: ಇಲ್ಲ. ಒಮ್ಮೆ ಜೀವವಿದ್ದ ವಸ್ತುವಿಗೆ ಮಾತ್ರ ಅದು ನಡೆಯುತ್ತದೆ: ಇದ್ದಿಲು, ಮೂಳೆ, ಕಾಳು. ಜೀವ ಹೋದಮೇಲೆ ಅದರಲ್ಲಿನ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯುವಷ್ಟು ಉಳಿಯುವುದಿಲ್ಲ. ಕೊಡಲಿ ಇದ್ದ ಪದರದಲ್ಲೇ ಸುಟ್ಟ ಕಾಳು ಸಿಕ್ಕರೆ ಅದನ್ನು ಕಳಿಸುತ್ತೇವೆ. ತೊಲೆಯ ಇದ್ದಿಲಿಗಿಂತ ಕಾಳು ವಾಸಿ. ಕಾಳು ಒಂದೇ ವರ್ಷದ ಬೆಳೆ. ದೊಡ್ಡ ಮರದ ಒಳತಿರುಳಾದರೋ ಮನೆ ಕಟ್ಟುವ ನೂರಾರು ವರ್ಷ ಮೊದಲೇ ಬೆಳೆದಿರಬಹುದು.