ಭತ್ತದ ಹುಲ್ಲಿಂದ ಎಥೆನಾಲ್ ಆಗುತ್ತಾ?

ಪ್ರಶ್ನೆ: ನಮ್ದು ಗಂಗಾವತಿ ಕಡೆ ನಾಲ್ಕೆಕ್ರೆ ಭತ್ತ ರೀ. ಮಷಿನ್ ಕೊಯ್ಲು ಆದ್ಮೇಲೆ ಹುಲ್ಲು ಗದ್ದೆ ತುಂಬಾ ಬಿದ್ದಿರ್ತದ, ಮುಂದಿನ ಬೆಳೆಗೆ ಟೈಮಿಲ್ಲ ಅಂತ ಎಲ್ರೂ ಬೆಂಕಿ ಹಚ್ತಾರ, ನಾನೂ ಹಚ್ಚೀನಿ. ಕಬ್ಬಿಂದ ಪೆಟ್ರೋಲಿಗೆ ಬೆರೆಸೋ ಎಥೆನಾಲ್ ಮಾಡ್ತಾರಲ್ಲ, ಹುಲ್ಲಿಂದ ಯಾಕಾಗಲ್ಲ? ಹತ್ತು ಜನ ಸೇರಿ ಸಣ್ಣ ಯೂನಿಟ್ ಹಾಕ್ಬೋದಾ?

ಉತ್ತರ: ಆಗುತ್ತೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವರ ಘಟಕ 2022ರ ಆಗಸ್ಟ್‌ನಲ್ಲೇ ಉದ್ಘಾಟನೆ ಆಯ್ತು, 900 ಕೋಟಿಗೂ ಹೆಚ್ಚು ಖರ್ಚು, ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿಂದ ಸುಮಾರು 3 ಕೋಟಿ ಲೀಟರ್ ತೆಗೆಯೋ ಲೆಕ್ಕ, ಅಂದ್ರೆ ಟನ್ನಿಗೆ 150 ಲೀಟರ್.

ಆದ್ರೆ ಕಬ್ಬಿನಷ್ಟು ಸಲೀಸಲ್ಲ. ಕಬ್ಬಿನ ಹಾಲಲ್ಲಿ ಸಕ್ಕರೆ ರೆಡಿ ಇರುತ್ತೆ, ಈಸ್ಟ್ ಹಾಕಿ ಹುದುಗಿಸಿ ಭಟ್ಟಿ ಇಳಿಸಿದ್ರೆ ಮುಗೀತು. ಹುಲ್ಲಲ್ಲೂ ಸಕ್ಕರೆ ಇದೆ, ಆದ್ರೆ ಸೆಲ್ಯುಲೋಸ್ ಅನ್ನೋ ಉದ್ದ ಸರಪಳಿಯಾಗಿ, ಗಿಡಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಅನ್ನೋ ಅಂಟಿನಂಥ ವಸ್ತುವಿನ ಒಳಗೆ ಬಿಗಿದುಕೊಂಡಿದೆ. ಒಂದು ತುತ್ತು ಅನ್ನ ಸುಮ್ನೆ ಅಗಿತಾ ಇರಿ, ಸಿಹಿಯಾಗುತ್ತೆ, ಹುಲ್ಲಿನ ಎಳೆ ಎಷ್ಟೊತ್ತು ಅಗಿದ್ರೂ ಸಪ್ಪೆನೇ, ಯಾಕಂದ್ರೆ ಆ ಸರಪಳಿ ಕತ್ತರಿಸೋದು ನಮ್ಮ ಜೊಲ್ಲಿಗೆ ಬರಲ್ಲ. ನಿಮ್ಮ ಎಮ್ಮೆ ಅದೇ ಹುಲ್ಲು ತಿಂದು ಹಾಲು ಕೊಡುತ್ತಲ್ಲ, ಅದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಕೆಲಸ. ಫ್ಯಾಕ್ಟರಿಯಲ್ಲಿ ಹುಲ್ಲು ಚೂರು ಮಾಡಿ, ತೆಳು ಆಸಿಡ್ ಹಾಕಿ ಜೋರು ಹಬೆಯಲ್ಲಿ ಬೇಯಿಸಿ ಬಿಗಿ ಸಡಿಲಿಸ್ತಾರೆ, ಆಮೇಲೆ ಆ ಸರಪಳಿ ಕತ್ತರಿಸೋ ಎನ್‌ಜೈಮ್ ಅನ್ನೋ ಪ್ರೋಟೀನ್ ಹಾಕಿದ್ರೆ ಸಕ್ಕರೆ ಬಿಡುತ್ತೆ. ಈ ಎನ್‌ಜೈಮ್ ಹೆಚ್ಚಾಗಿ ಕೊಡೋದು ಒಂದು ಬೂಷ್ಟು, ನೀವು ಬೇರು ಕೊಳೆಗೆ ಹಾಕೋ ಟ್ರೈಕೋಡರ್ಮಾದ ದಾಯಾದಿ, ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೇನೆಯ ಹತ್ತಿಬಟ್ಟೆ ಟೆಂಟುಗಳನ್ನ ತಿಂದು ಹಾಳು ಮಾಡ್ತಿದ್ದಾಗ ಸಿಕ್ಕಿದ್ದು. ಇನ್ನೂ ಒಂದು ತೊಡಕಿದೆ, ಹುಲ್ಲಿನ ಸಕ್ಕರೆಯಲ್ಲಿ ಒಂದು ಪಾಲು ಕ್ಸೈಲೋಸ್, ಅದನ್ನ ಮಾಮೂಲಿ ಈಸ್ಟ್ ಮುಟ್ಟಲ್ಲ. ಉಳಿದ ಲಿಗ್ನಿನ್ ಬಾಯ್ಲರ್‌ಗೆ ಉರುವಲಾಗುತ್ತೆ.

ಹಾಗಾಗಿ ಸಣ್ಣ ಯೂನಿಟ್ ಯೋಚನೆ ದಯವಿಟ್ಟು ಬಿಡಿ. ಆಸಿಡ್, ಪ್ರೆಶರ್ ಎರಡೂ ಒಟ್ಟಿಗೆ ಇರೋ ಪಾತ್ರೆ ಹಿತ್ತಲಲ್ಲಿ ಇಡೋ ವಸ್ತು ಅಲ್ಲ, ಎನ್‌ಜೈಮ್ ದುಬಾರಿ, ಎಥೆನಾಲ್ ಅಂದ್ರೆ ಮದ್ಯಸಾರನೇ, ಅಬಕಾರಿ ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸೋದು ಅಪರಾಧ. ಹತ್ತು ಜನ ಸೇರೋದಾದ್ರೆ ಬೇಲರ್‌ಗೆ, ಅಂದ್ರೆ ಹುಲ್ಲನ್ನ ಪೆಂಡಿ ಕಟ್ಟೋ ಮಷಿನ್‌ಗೆ ಸೇರಿ. ಹುಲ್ಲು ಹಗುರ, ಟ್ರ್ಯಾಕ್ಟರ್ ತುಂಬಿದ್ರೂ ತೂಕ ಬರಲ್ಲ, ಅದಕ್ಕೇ ಯಾವ ಫ್ಯಾಕ್ಟರಿಗಾದ್ರೂ ದೊಡ್ಡ ತಲೆನೋವು ಹುಲ್ಲು ಒಟ್ಟು ಮಾಡಿ ತರೋದು. ಪೆಂಡಿ ಕಟ್ಟಿದ ಒಣ ಹುಲ್ಲನ್ನ ಇವತ್ತೇ ಮೇವಿಗೆ, ಅಣಬೆ ಬೆಳೆಯೋರಿಗೆ ಮಾರ್ಬೋದು, ನಾಳೆ ಹತ್ತಿರದಲ್ಲಿ ಘಟಕ ಬಂದ್ರೆ ಅಲ್ಲಿಗೂ ಕೊಡ್ಬೋದು. ಈ ಸಲ ಕೊಯ್ಲಿಗೆ ಮುಂಚೆನೇ ಬೇಲರ್ ಬುಕ್ ಮಾಡಿ, ಬೆಂಕಿ ಮಾತ್ರ ಹಚ್ಬೇಡಿ, ಹುಲ್ಲಲ್ಲಿರೋ ಸಾರಜನಕ ಬಹುಪಾಲು ಹೊಗೆಯಲ್ಲೇ ಹೋಗುತ್ತೆ, ಅದನ್ನೇ ಆಮೇಲೆ ಯೂರಿಯಾ ಅಂತ ದುಡ್ಡು ಕೊಟ್ಟು ತರ್ತೀರ.